ಇಂಡೆಂಟಪ್ಪನ ಎರಡು ಲಕ್ಷದ ಮರ್ಯಾದೆ

ಬಸ್ ಡಿಪೋದ ಉಗ್ರಾಣದಿಂದ ಒಂದು ನಟ್ಟು ಹೊರಗೆ ಬರಬೇಕಾದರೆ ಮೊದಲು ಇಂಡೆಂಟ್ ಎಂಬ ಬೇಡಿಕೆ ಚೀಟಿ ಒಳಗೆ ಹೋಗಬೇಕು. ಅದರ ಮೇಲೆ ಬಸ್ಸಿನ ಸಂಖ್ಯೆ ಇರಬೇಕು. ಏನು ಬೇಕು, ಎಷ್ಟು ಬೇಕು, ಯಾಕೆ ಬೇಕು ಎಂದು ಬರೆದಿರಬೇಕು. ಕೆಳಗೆ ಫೋರ್‌ಮನ್ ಸಹಿ ಇರಬೇಕು. ಇಷ್ಟೂ ಸರಿಯಾಗಿದ್ದರೆ ಉಗ್ರಾಣದ ಗುಮಾಸ್ತ ಕನ್ನಡಕ ಮೇಲೇರಿಸಿ, “ಹಳೇ ನಟ್ಟು ಎಲ್ಲಿ?” ಎಂದು ಕೇಳುತ್ತಾನೆ. ಹಳೆಯದನ್ನು ಒಪ್ಪಿಸದೆ ಹೊಸದು ಸಿಗುವುದಿಲ್ಲ. “ಹಳೇದು ರಸ್ತೇಲಿ ಬಿದ್ದುಹೋಯ್ತು ಮಾರಾಯ, ಅದಕ್ಕೇ ಅಲ್ವಾ ಹೊಸದು ಕೇಳ್ತಿರೋದು” ಎಂದು ಮೆಕ್ಯಾನಿಕ್ ಹಲ್ಲು ಕಡಿದರೆ, “ಹಾಗಂತ ಬರೆದು ಕೊಡಿ” ಎನ್ನುತ್ತಾನೆ. ಒಮ್ಮೆ ಐವತ್ತು ಜನ ತುಂಬಿದ ಬಸ್ಸು ಒಂದು ಫ್ಯೂಸಿಗಾಗಿ ಗೇಟಿನಲ್ಲಿ ಮುಕ್ಕಾಲು ಗಂಟೆ ನಿಂತಿತ್ತು. ಫೋರ್‌ಮನ್ ಊಟಕ್ಕೆ ಹೋಗಿದ್ದ, ಚೀಟಿಗೆ ಸಹಿ ಬಿದ್ದಿರಲಿಲ್ಲ. ಅಂದಿನಿಂದ ಡಿಪೋದವರು ಆ ಗುಮಾಸ್ತನಿಗೆ ಅಪ್ಪ ಅಮ್ಮ ಇಟ್ಟ ಹೆಸರನ್ನು ಮರೆತು ಇಂಡೆಂಟಪ್ಪ ಎಂದೇ ಕರೆಯತೊಡಗಿದರು. ಅವರು ಸಿಟ್ಟಿನಲ್ಲಿ ಇಟ್ಟ ಹೆಸರು ಅದು. ಅವನು ಮಾತ್ರ ಬಿರುದು ಎಂದುಕೊಂಡಿದ್ದ.

ಇಂಥವನು ಮನೆಯಲ್ಲಿ ಇನ್ನೆಷ್ಟು ಬಿಗಿ ಇರಬೇಡ ಎಂದು ನೀವು ಲೆಕ್ಕ ಹಾಕಿದ್ದರೆ ಆ ಲೆಕ್ಕವನ್ನು ಇಲ್ಲೇ ಹೊಡೆದುಹಾಕಿ. ಉಗ್ರಾಣಕ್ಕೆ ಬೀಗ ಜಡಿದು ಡಿಪೋದ ಗೇಟು ದಾಟಿದನೆಂದರೆ ಇಂಡೆಂಟಪ್ಪ ಬೆಣ್ಣೆ. ಯಾರು ಬೆರಳು ಒತ್ತಿದರೂ ಅಲ್ಲೊಂದು ಗುಳಿ.

ಆ ಬೆಣ್ಣೆಗೆ ಬೆಂಕಿ ತೋರಿಸಿದ್ದು ಬ್ಯಾಂಕಿನ ಒಂದು ಕಪ್ ಟೀ.

ಅವನ ಹೆಸರಿನಲ್ಲಿ ಎರಡೂವರೆ ಲಕ್ಷದ ಠೇವಣಿ ಇತ್ತು. ಹೆಸರಷ್ಟೇ ಅವನದು. ದುಡ್ಡು ಅವನ ಹೆಂಡತಿ ಹನ್ನೆರಡು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದು, ಕಾಲರಿಗೆ ಕಾಲರು ಜೋಡಿಸಿ ಕೂಡಿಸಿದ್ದು. ಒಬ್ಬಳೇ ಮಗಳು ನರ್ಸಿಂಗ್ ಓದಬೇಕು, ಅದರ ಫೀಸು ಅದು ಎಂದು ಗಂಡ, ಹೆಂಡತಿ, ಮಗಳು ಮೂವರೂ ಒಪ್ಪಿ ಇಟ್ಟಿದ್ದರು. ಠೇವಣಿಯನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಲು ಇಂಡೆಂಟಪ್ಪ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಮೇಡಂ ಅವನನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ಟೀ ತರಿಸಿದರು. ಕಪ್ಪಿನ ಕೆಳಗೆ ಸಾಸರು, ಸಾಸರಿನ ಮೇಲೆ ಒಂದು ಬಿಸ್ಕತ್ತು. ಇಪ್ಪತ್ತೆರಡು ವರ್ಷ ಸರದಿಯಲ್ಲಿ ನಿಂತು ಕಾಲು ಸವೆಸಿದವನಿಗೆ ಆ ಬಿಸ್ಕತ್ತು ನೋಡಿ ಕಣ್ಣು ತುಂಬಿ ಬಂತು. ಮೇಡಂ ಕಾಲು ಗಂಟೆ ಓವರ್‌ಡ್ರಾಫ್ಟ್ ಎಂದರೇನು, ಅದಕ್ಕೆ ಬಡ್ಡಿ ಹೇಗೆ ಬೀಳುತ್ತದೆ, ಠೇವಣಿಯನ್ನು ಹೇಗೆ ಒತ್ತೆ ಇಟ್ಟುಕೊಳ್ಳುತ್ತಾರೆ ಎಂದು ಬಿಡಿಸಿ ಹೇಳಿದರು. ಅವನು ಕಾಲು ಗಂಟೆಯೂ ಬಿಸ್ಕತ್ತನ್ನು ಈಗ ತಿಂದರೆ ಚೆನ್ನಾಗಿರುತ್ತದೋ, ಆಮೇಲೆ ತಿಂದರೆ ಚೆನ್ನಾಗಿರುತ್ತದೋ ಎಂದು ಯೋಚಿಸಿದ. ಕೊನೆಗೆ ಅವನ ತಲೆಯಲ್ಲಿ ಉಳಿದದ್ದು ಒಂದೇ ಮಾತು: ಎರಡು ಲಕ್ಷದವರೆಗೆ ನೀವು ಯಾವಾಗ ಬೇಕಾದರೂ ತೆಗೆಯಬಹುದು. ಮೇಡಂ ತೋರಿಸಿದಲ್ಲೆಲ್ಲ ಸಹಿ ಹಾಕಿ ಹೊರಬಂದ. ಚೀಟಿಯಿಲ್ಲದೆ ಫ್ಯೂಸು ಕೊಡದ ಮನುಷ್ಯ ಓದದೆ ಆರು ಕಡೆ ಸಹಿ ಹಾಕಿದ್ದ!

ಬರುವ ದಾರಿಯಲ್ಲಿ ಇಸ್ತ್ರಿ ಅಂಗಡಿ. ಅಂಗಿ ಇಸಿದುಕೊಳ್ಳುತ್ತ ಇಂಡೆಂಟಪ್ಪ ಮಾತಿನ ಮಧ್ಯೆ ತೇಲಿಸಿದ.

“ಬ್ಯಾಂಕಿಂದ ಬರ್ತಿದೀನಿ. ಮ್ಯಾನೇಜರ್ ಕೂರಿಸಿ ಟೀ ಕೊಟ್ರು. ಎರಡು ಲಕ್ಷ ನಿಮಗೆ ಅಂತ ಇಟ್ಟಿದೀವಿ, ಯಾವಾಗ ಬೇಕೋ ತಗೊಳ್ಳಿ ಅಂದ್ರು.”

“ಸುಮ್ಸುಮ್ನೆ ಕೊಡ್ತಾರಾ ಅಣ್ಣ?”

“ಎಲ್ಲರಿಗೂ ಕೊಡ್ತಾರಾ? ಮನುಷ್ಯನ್ನ ನೋಡಿ ಕೊಡ್ತಾರೆ.”

ಇಸ್ತ್ರಿಯವನು ಮನುಷ್ಯನನ್ನು ನೋಡಿದ. ಅಡಿಯಿಂದ ಮುಡಿಯವರೆಗೆ ನೋಡಿದ. ಸಂಜೆಯೊಳಗೆ ಇಡೀ ಬೀದಿ ನೋಡತೊಡಗಿತು.

ಮೊದಲು ಬಂದವನು ಇಸ್ತ್ರಿಯವನೇ. ಅವನಿಗೆ ಹಬೆಯಲ್ಲಿ ಇಸ್ತ್ರಿ ಮಾಡುವ ಪೆಟ್ಟಿಗೆ ಬೇಕಿತ್ತು, ಇಪ್ಪತ್ತೈದು ಸಾವಿರ. ಎರಡನೆಯವರು ಎದುರು ಮನೆಯ ನಿವೃತ್ತ ಮೇಷ್ಟ್ರು. ಅವರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಬಂದು, “ನೋಡಿ ಇವ್ರೇ, ಹಲ್ಲಿಲ್ಲದ ಬಾಯಿಂದ ಹೇಳಿದ ಮಾತಿಗೆ ಈ ಕಾಲದಲ್ಲಿ ಬೆಲೆಯಿಲ್ಲ” ಎಂದು ಪೀಠಿಕೆ ಹಾಕಿ ಹಲ್ಲಿನ ಸೆಟ್ಟಿಗೆ ಮೂವತ್ತು ಸಾವಿರ ಒಯ್ದರು. ಡಿಪೋದ ಫೋರ್‌ಮನ್ ಉಗ್ರಾಣದ ಕಿಟಕಿಯಲ್ಲಿ ತಲೆ ತೂರಿಸಿ ಹದಿನೆಂಟು ಸಾವಿರ ಕೇಳಿದ. ಇಂಡೆಂಟಪ್ಪ ಅಭ್ಯಾಸಬಲದಿಂದ “ಚೀಟಿ?” ಎನ್ನಬೇಕೆಂದಿದ್ದ. ಫೋರ್‌ಮನ್ “ನೀವು ದೊಡ್ಡೋರು ಸಾರ್” ಎಂದುಬಿಟ್ಟ. ಇಪ್ಪತ್ತೆರಡು ವರ್ಷದಲ್ಲಿ ಫೋರ್‌ಮನ್ ಬಾಯಿಂದ ಮೊದಲ ಸಾರ್!

ದೊಡ್ಡ ತುತ್ತು ಬಾಮೈದನದು. ಹೆಂಡತಿಯ ಒಬ್ಬನೇ ತಮ್ಮ. “ಭಾವ, ಅಕ್ಕನಿಗೆ ಹೇಳ್ಬೇಡಿ. ಫೋಟೋ ಸ್ಟುಡಿಯೋ ಶುರು ಮಾಡಿ ಬೋರ್ಡ್ ಹಾಕಿದ ಮೇಲೆ ಅವಳನ್ನ ಕರ್ಕೊಂಡು ಬಂದು ಬಾಗಿಲಲ್ಲಿ ನಿಲ್ಲಿಸ್ಬೇಕು. ಆಗ ಅವಳ ಮುಖ ನೋಡ್ಬೇಕು ನೀವು” ಎಂದ. ಭಾವನಿಗೆ ಆ ಮುಖ ಈಗಲೇ ಕಂಡಂತಾಗಿ ತೊಂಬತ್ತು ಸಾವಿರ ಬರೆದುಕೊಟ್ಟ. ಇಷ್ಟು ಜನ ದೊಡ್ಡವರು ಬಂದು ಹೋಗುವ ಮನೆಯಲ್ಲಿ ಮುರುಕು ಬೆಂಚು ಇದ್ದರೆ ಹೇಗೆ? ಇಪ್ಪತ್ತೆರಡು ಸಾವಿರಕ್ಕೆ ಸೋಫಾ ಬಂತು. ಎಲ್ಲಿಂದ ದುಡ್ಡು ಎಂದು ಹೆಂಡತಿ ಕೇಳಿದ್ದಕ್ಕೆ “ಡಿಪೋದಲ್ಲಿ ಬಾಕಿ ಬಂತು ಕಣೆ” ಎಂದ.

ಹನ್ನೊಂದು ತಿಂಗಳು ಇಂಡೆಂಟಪ್ಪ ಬೀದಿಯಲ್ಲಿ ಎದೆ ಸೆಟೆಸಿ ನಡೆದ. ಹನ್ನೊಂದನೆಯ ತಿಂಗಳ ಕೊನೆಗೆ ಮ್ಯಾನೇಜರ್ ಮೇಡಂ ಫೋನು ಮಾಡಿ ಕರೆಸಿದರು. ಈ ಸಲ ಟೀ ಇರಲಿಲ್ಲ.

“ನಿಮ್ಮ ಓವರ್‌ಡ್ರಾಫ್ಟ್ ಬಾಕಿ ಬಡ್ಡಿ ಸೇರಿ ಒಂದು ಲಕ್ಷದ ತೊಂಬತ್ತಾರು ಸಾವಿರ. ಮುಂದಿನ ತಿಂಗಳು ಮೂವತ್ತಕ್ಕೆ ನಿಮ್ಮ ಠೇವಣಿ ಅವಧಿ ಮುಗಿಯತ್ತೆ. ಅಷ್ಟರಲ್ಲಿ ನೀವು ಕಟ್ಟದಿದ್ರೆ ಠೇವಣಿಯಿಂದಲೇ ಮುರ್ಕೋತೀವಿ.”

“ಠೇವಣಿ ಬೇರೆ, ಇದು ಬೇರೆ ಅಲ್ವಾ ಮೇಡಂ? ಇದು ನೀವು ನನಗೆ ಅಂತ… ಮರ್ಯಾದೆಗೆ…”

“ಮರ್ಯಾದೆಗೆ ಬ್ಯಾಂಕು ಎರಡು ಲಕ್ಷ ಕೊಡತ್ತಾ? ಠೇವಣಿ ಒತ್ತೆ ಇಟ್ಟು ಕೊಟ್ಟಿದ್ದು. ಸಹಿ ನಿಮ್ಮದೇ, ನೋಡಿ.”

ಆರು ಸಹಿಗಳು. ಆರೂ ದುಂಡಗೆ, ಅಂದವಾಗಿ ಇದ್ದವು. ಕಾಲೇಜಿನ ಫೀಸು ಎರಡು ಲಕ್ಷದ ನಲವತ್ತು ಸಾವಿರ, ಕಟ್ಟಲು ಕೊನೆಯ ದಿನ ಅದರ ಮುಂದಿನ ತಿಂಗಳ ಐದನೇ ತಾರೀಕು. ಬ್ಯಾಂಕು ಮುರಿದುಕೊಂಡು ಉಳಿಸುವ ಐವತ್ತು ಚಿಲ್ಲರೆ ಸಾವಿರದಲ್ಲಿ ಮಗಳು ಕಾಲೇಜಿನ ಗೇಟು ನೋಡಿಕೊಂಡು ಬರಬಹುದಿತ್ತು.

ದಾರಿ ಒಂದೇ. ಕೊಟ್ಟಿದ್ದನ್ನು ವಾಪಸು ಕೇಳಬೇಕು. ಮಾರನೆಯ ದಿನ ಅವನು ತೊಳೆದ ಅಂಗಿ ತೊಟ್ಟು, ಗಾಂಭೀರ್ಯಕ್ಕಿರಲಿ ಎಂದು ಕಂಕುಳಲ್ಲಿ ಕಪ್ಪು ಫೈಲು ಅವುಚಿಕೊಂಡು ಇಸ್ತ್ರಿ ಅಂಗಡಿಗೆ ಹೋದ. ಹೋಗಿ ನಿಂತ. ನಿಂತೇ ಇದ್ದ. ಕೊಟ್ಟ ದುಡ್ಡು ಕೇಳಲು ಅವನ ನಾಲಿಗೆ ಹೊರಳಲೊಲ್ಲದು. ಮೂರು ಅಂಗಿ ಇಸ್ತ್ರಿಯಾಗುವವರೆಗೂ ಸುಮ್ಮನಿದ್ದು, ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತ, “ಸ್ವಲ್ಪ ದುಡ್ಡಿನ ವಿಷಯ…” ಎಂದ.

ಇಸ್ತ್ರಿಯವನು ಕೈ ನಿಲ್ಲಿಸಿದ. ಬಾಡಿದ ಮುಖ, ಕಂಕುಳಲ್ಲಿ ಫೈಲು, ಸೋತ ದನಿ. ಅಂಗಡಿ ಇಟ್ಟು ಹದಿನೈದು ವರ್ಷವಾದ ಅವನಿಗೆ ಸಾಲ ಕೇಳಲು ಬಂದವನ ಗುರುತು ಸಿಗುವುದಿಲ್ಲವೇ? ಬ್ಯಾಂಕಿನವರು ಕೈ ಬಿಟ್ಟಿದ್ದಾರೆ, ಈಗ ಇವನು ಐವತ್ತು ಸಾವಿರ ಕೇಳುತ್ತಾನೆ, ಹಳೇ ಋಣ ಮುಂದಿಟ್ಟುಕೊಂಡು ಕೇಳುತ್ತಾನೆ, ಕೊಡದೆ ವಿಧಿಯಿಲ್ಲ! ಅವನು ಇನ್ನೊಂದು ಪೆಟ್ಟಿಗೆ ಕೊಳ್ಳಲು ಡಬ್ಬಿಯಲ್ಲಿ ಕೂಡಿಟ್ಟಿದ್ದ ನೋಟುಗಳನ್ನು ಎಳೆದು ಟೇಬಲ್ಲಿನ ಮೇಲೆ ಸುರಿದ.

“ಅಣ್ಣ, ಇನ್ನೇನೂ ಮಾತಾಡ್ಬೇಡಿ. ನಿಮ್ಮ ಇಪ್ಪತ್ತೈದು ನನ್ನ ಹತ್ರ ಇತ್ತು, ತಗೊಳ್ಳಿ. ಇವತ್ತಿಗೆ ನಮ್ಮಿಬ್ಬರ ಲೆಕ್ಕ ಚುಕ್ತಾ. ಇನ್ನು ನೀವು ನನ್ನ ಏನೂ ಕೇಳೋ ಹಾಗಿಲ್ಲ.”

“ನಾನಿನ್ನೂ ಹೇಳೇ ಇಲ್ಲವಲ್ಲೋ…”

“ಹೇಳ್ಬೇಡಿ ಅಂತಾನೇ ಹೇಳ್ತಿರೋದು! ಅಂಗಿ ಇಸ್ತ್ರಿ ಮಾಡಿದ್ದಕ್ಕೂ ಕಾಸು ಬೇಡ, ಹೊರಡಿ!”

ಇಂಡೆಂಟಪ್ಪನಿಗೆ ಆಶ್ಚರ್ಯವಾಯಿತು. ಆಮೇಲೆ ಹೆಮ್ಮೆಯಾಯಿತು. ಬಾಯಿಬಿಟ್ಟು ಕೇಳುವ ಮೊದಲೇ ದುಡ್ಡು ಬಂತೆಂದರೆ ಅದು ತನ್ನ ಗಾಂಭೀರ್ಯದ ಪ್ರಭಾವವಲ್ಲದೆ ಮತ್ತೇನು? ಆ ಫೈಲಿನೊಳಗೆ ಇದ್ದದ್ದು ಹಳೆಯ ವಿದ್ಯುತ್ ಬಿಲ್ಲು ಎಂಬುದು ಬೇರೆ ವಿಷಯ.

ಅವನು ಮೇಷ್ಟ್ರ ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಬಾಗಿಲು ತಟ್ಟಿದಾಗ ಒಳಗೆ ಒಂದಿಷ್ಟು ಗಡಿಬಿಡಿ ಕೇಳಿತು. ಮೇಷ್ಟ್ರು ಹರಿದ ಬನಿಯನ್ನಿನಲ್ಲಿ ಹೊರಬಂದರು. ಅವರ ಬಾಯಿ ಬೊಚ್ಚಾಗಿತ್ತು. ಬಡತನ ಕಾಣಲಿ ಎಂದು ಹಲ್ಲಿನ ಸೆಟ್ಟನ್ನು ಕಳಚಿ ಅವಸರದಲ್ಲಿ ಕಿಟಕಿಯ ಮೇಲಿಟ್ಟಿದ್ದರು. ಅದು ಅಲ್ಲಿಂದಲೇ ಇಂಡೆಂಟಪ್ಪನನ್ನು ನೋಡಿ ನಗುತ್ತಿತ್ತು.

“ನೋಡಿ ಇವ್ವೇ,” ಎಂದರು ಮೇಷ್ಟ್ರು ಒಸಡಿನಲ್ಲೇ. “ಪಿಂಚಣಿ ಬಂದಿಲ್ಲ. ಬರೋದೂ ಇಲ್ಲ. ಮನೇಲಿ ಏನೂ ಇಲ್ಲ.”

“ಸ್ವಲ್ಪ ದುಡ್ಡಿನ ವಿಷಯ ಮೇಷ್ಟ್ರೇ…”

ಅಷ್ಟೇ ಸಾಕಾಯಿತು. ಒಳಗಿನಿಂದ ಅವರ ಹೆಂಡತಿ, “ಕೊಟ್ಟು ಕಳಿಸೀಂದ್ರೆ! ಋಣ ಇಟ್ಕೊಂಡ್ರೆ ನಾಳೆ ಜಾಮೀನಿಗೆ ಸಹಿ ಹಾಕಿ ಅಂತ ಬರ್ತಾರೆ!” ಎಂದು ಕೂಗಿದರು. ಜಾಮೀನು ಎಂದ ಕೂಡಲೇ ಮೇಷ್ಟ್ರು ನಡುಗಿಹೋದರು. ಮೂವತ್ತು ಸಾವಿರದ ಲಕೋಟೆ ಬಂತು. ಎಣಿಸಿಕೊಳ್ಳುವ ಮೊದಲೇ ಬಾಗಿಲು ಮುಚ್ಚಿತು.

ಫೋರ್‌ಮನ್ ಅಂತೂ ಮೂರನೆಯ ದಿನ ತಾನೇ ಉಗ್ರಾಣದ ಕಿಟಕಿಗೆ ಬಂದ. ಹದಿನೆಂಟು ಸಾವಿರದ ಜೊತೆ ಒಂದು ಚೀಟಿಯನ್ನೂ ತಂದಿದ್ದ. ಅದರಲ್ಲಿ “ಮೇಲ್ಕಂಡ ಮೊತ್ತ ಹಿಂತಿರುಗಿಸಲಾಗಿದೆ, ಇನ್ನು ಮುಂದೆ ಉಭಯತ್ರರ ನಡುವೆ ಯಾವುದೇ ಕೊಡುಕೊಳ್ಳುವಿಕೆ ಇರತಕ್ಕದ್ದಲ್ಲ” ಎಂದು ಬರೆದು ಸಹಿ ಮಾಡಿದ್ದ. ಇಂಡೆಂಟಪ್ಪ ಓದಿ ನೋಡಿ, “ಬಸ್ಸಿನ ಸಂಖ್ಯೆ ಬರೆದಿಲ್ಲ” ಎಂದ.

ಒಂದೇ ವಾರದಲ್ಲಿ ಎಪ್ಪತ್ತಮೂರು ಸಾವಿರ ಕೈಸೇರಿತು. ಅದೇ ವಾರದಲ್ಲಿ ಇಂಡೆಂಟಪ್ಪ ಮುಳುಗಿಹೋದ ಎಂದು ಬೀದಿ ತೀರ್ಮಾನಿಸಿತು. ಅವನು ಬರುವುದು ಕಂಡರೆ ಕಟ್ಟೆಯ ಮೇಲೆ ಕೂತವರು ಎದ್ದು ಒಳಗೆ ಹೋಗತೊಡಗಿದರು. ಕಿರಾಣಿ ಅಂಗಡಿಯವನು ಸಾಲದ ಪುಸ್ತಕವನ್ನು ಗಲ್ಲಾದೊಳಗೆ ಅಡಗಿಸಿದ. ಪಕ್ಕದ ಬೀದಿಯಲ್ಲಿ ಅವನ ಸಾಲ ಹತ್ತು ಲಕ್ಷವಾಗಿತ್ತು, ಅದರಾಚೆಯ ಬೀದಿಯಲ್ಲಿ ಅವನು ಕುದುರೆ ಜೂಜಾಡುತ್ತಿದ್ದ. ಕುದುರೆಯನ್ನು ಅವನು ಹತ್ತಿರದಿಂದ ಕಂಡವನೇ ಅಲ್ಲ.

ಈ ಸುದ್ದಿ ಕೊನೆಯದಾಗಿ ಮುಟ್ಟಿದ್ದು ಅವನ ಹೆಂಡತಿಗೆ. ಮೇಷ್ಟ್ರ ಹೆಂಡತಿ ಬಂದು ಅವಳ ಕೈ ಹಿಡಿದುಕೊಂಡು, “ಧೈರ್ಯ ತಗೋಮ್ಮ. ಗಂಡಸರು ಮನೆಮನೆಗೆ ಹೋಗಿ ಸಾಲ ಕೇಳೋ ಸ್ಥಿತಿ ಬಂದ್ರೂ ಹೆಂಗಸರು ಎದೆಗುಂದಬಾರದು” ಎಂದು ಕಣ್ಣೊರೆಸಿಕೊಂಡು ಹೋದರು.

ಸಂಜೆ ಇಂಡೆಂಟಪ್ಪ ಮನೆಗೆ ಬಂದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದಿದ್ದಳು. ಅವಳ ತುಟಿಗಳ ನಡುವೆ ಐದಾರು ಗುಂಡುಪಿನ್ನು. ಒಂದು ಪಿನ್ನು ತೆಗೆದು ಬಟ್ಟೆಗೆ ಚುಚ್ಚಿ ಅವನನ್ನೇ ನೋಡಿದಳು.

“ಯಾರಾದ್ರೂ ಏನಾದ್ರೂ ಹೇಳಿದ್ರಾ?” ಎಂದ ಅವನು.

ಇನ್ನೊಂದು ಪಿನ್ನು ಬಟ್ಟೆಗೆ ಹೋಯಿತು.

“ನಾನು ಸಾಲ ಕೇಳಿಲ್ಲ ಕಣೆ. ನಾನು ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಹೋಗಿದ್ದೆ.”

ಮೂರನೆಯ ಪಿನ್ನು. “ಬ್ಯಾಂಕಿನವರು ಕೊಟ್ಟಿದ್ದು.” ನಾಲ್ಕನೆಯದು. “ನಮ್ಮ ಠೇವಣಿ ಮೇಲೆ.” ಐದನೆಯ ಪಿನ್ನು ಚುಚ್ಚಿದ ಸದ್ದು ಅವನಿಗೆ ಕೇಳಿದಂತಾಯಿತು. “ನಿನ್ನ ತಮ್ಮನಿಗೂ ಕೊಟ್ಟಿದೀನಿ. ತೊಂಬತ್ತು.”

ಬಾಯಲ್ಲಿ ಪಿನ್ನು ಉಳಿದಿರಲಿಲ್ಲ. ಮಿಕ್ಕವರ ಲೆಕ್ಕವನ್ನೂ ಮೂವತ್ತರ ಗಡುವನ್ನೂ ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವಳಿಗೆ ಸಿಟ್ಟಿಗಿಂತ ಅಳು ಜಾಸ್ತಿ ಬಂತು. ಹನ್ನೆರಡು ವರ್ಷ ಬಗ್ಗಿ ಕೂತ ಬೆನ್ನು ಅವಳದು. ಅವಳು ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. ಇಂಡೆಂಟಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮಗಳು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಾಗಿಲಲ್ಲಿ ನಿಂತು, “ಬಿಡಿ ಅಪ್ಪ. ನಾನು ಮುಂದಿನ ವರ್ಷ ಸೇರ್ತೀನಿ. ಈ ವರ್ಷ ಎಲ್ಲಾದ್ರೂ ಕೆಲಸ ಮಾಡ್ತೀನಿ” ಎಂದಳು.

ಅಮ್ಮ ತಟ್ಟನೆ ತಲೆ ಎತ್ತಿದಳು. ಮುಖ ಒರೆಸಿಕೊಂಡಳು. “ಮುಂದಿನ ವರ್ಷ ಅನ್ನೋ ಮಾತು ಈ ಮನೇಲಿ ಯಾರೂ ಎತ್ತಬಾರದು. ಇನ್ನೂ ಮೂರು ವಾರ ಇದೆ. ರೀ, ಆ ಮೇಷ್ಟ್ರು ಹೆಂಡತಿಗೆ ಬಸ್ ಚಾರ್ಜು ಕೊಡೋಕೂ ಎರಡು ಸಲ ಎಣಿಸೋರು. ನಿಮಗೆ ಹೇಗೆ ಮೂವತ್ತು ಸಾವಿರ ವಾಪಸ್ ಕೊಟ್ರು?”

“ಏನೋ, ನನ್ನ ಗಾಂಭೀರ್ಯ ನೋಡಿ…”

“ಹೊರಗೆ ಹೋಗಿ ಆ ಗಾಂಭೀರ್ಯ ಮಾಡ್ಕೊಂಡು ಒಳಗೆ ಬನ್ನಿ. ನೋಡೋಣ.”

ಅವನು ಫೈಲು ಅವುಚಿಕೊಂಡು ಹೊರಗೆ ಹೋಗಿ, ಬಾಗಿಲು ತಟ್ಟಿ, ಒಳಗೆ ಬಂದು, ಹೆಬ್ಬೆರಳಿಂದ ನೆಲ ಕೆರೆದು, “ಸ್ವಲ್ಪ ದುಡ್ಡಿನ ವಿಷಯ…” ಎಂದ. ಮಗಳು ಕಿಸಕ್ಕೆಂದಳು. ಅಷ್ಟು ಹೊತ್ತು ಅತ್ತ ಅಮ್ಮನಿಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಯ್ಯೋ ನಿಮ್ಮ! ಈ ಮುಖ ನೋಡಿದ್ರೆ ನಾನೇ ಹತ್ತು ಸಾವಿರ ಕೊಟ್ಟು ಸಾಗಹಾಕ್ತಿದ್ದೆ. ಅವರು ನಿಮ್ಮನ್ನ ಸಾಲ ಕೇಳೋಕೆ ಬಂದೋರು ಅಂದ್ಕೊಂಡಿದಾರೆ ಕಣ್ರೀ! ಹೆದರಿ ಕೊಟ್ಟಿದಾರೆ!”

“ಛೆ ಛೆ, ಇರಲಾರದು. ನಾನು ಹೋಗಿ ಸರಿಯಾಗಿ ತಿಳಿಸಿ ಬರ್ತೀನಿ.”

“ತಿಳಿಸಿದ್ರೆ ನೋಡಿ!” ಎಂದಳು ಅವಳು. “ತಮ್ಮನ ಹತ್ರ ನಾಡಿದ್ದು ನಾವೇ ಹೋಗಿ ಸಾಲ ಕೇಳೋಣ. ಬಾಯಿ ತುಂಬಾ ಕೇಳೋಣ.”

ಆ ನಾಡಿದ್ದು ಬರುವಷ್ಟರಲ್ಲಿ ಮನೆಯ ಆಡಳಿತ ಬದಲಾಗಿತ್ತು. ಉಗ್ರಾಣದಲ್ಲಿ ಪ್ರತಿ ಖಾನೆಗೂ ಒಂದು ಕಾರ್ಡು ತೂಗುಹಾಕಿ ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಬರೆಯುತ್ತಾರೆ. ಈ ಪದ್ಧತಿಯನ್ನು ಇಂಡೆಂಟಪ್ಪ ಇಪ್ಪತ್ತು ವರ್ಷದಿಂದ ಮನೆಯಲ್ಲಿ ಹೊಗಳುತ್ತ ಬಂದಿದ್ದ. ಈಗ ಅಡುಗೆಮನೆಯ ಎಣ್ಣೆ, ಸಕ್ಕರೆ, ಸಾಬೂನುಗಳಿಗೆಲ್ಲ ಮಗಳು ಕಾರ್ಡು ಬರೆದು ತೂಗುಹಾಕಿದಳು. ಅವನ ಸಂಬಳ ಹೆಂಡತಿಯ ಡಬ್ಬಿಗೆ ಹೋಯಿತು.

“ಒಂದು ಬ್ಲೇಡು ಬೇಕಿತ್ತು” ಎಂದ ಅವನು ಒಂದು ಬೆಳಗ್ಗೆ, ಮುಖದ ತುಂಬ ನೊರೆ ಹಚ್ಚಿಕೊಂಡು.

“ಚೀಟಿ?”

ಅವನು ನೊರೆಯಲ್ಲೇ ಚೀಟಿ ಬರೆದುಕೊಟ್ಟ. ಹೆಂಡತಿ ಎರಡು ಸಲ ಓದಿದಳು.

“ಹಳೇ ಬ್ಲೇಡ್ ಎಲ್ಲಿ?”

“ಎಸೆದುಬಿಟ್ಟೆ ಕಣೆ.”

“ಹಾಗಂತ ಬರೆದು ಕೊಡಿ.”

ಅಂದು ಅರ್ಧ ಗಡ್ಡದಲ್ಲೇ ಡಿಪೋಗೆ ಹೋದ ಇಂಡೆಂಟಪ್ಪ ಇಡೀ ದಿನ ಮೆಕ್ಯಾನಿಕ್‌ಗಳ ಮುಖ ನೋಡಲಿಲ್ಲ. ಆದರೆ ತಿಂಗಳ ಕೊನೆಗೆ ಡಬ್ಬಿಯಲ್ಲಿ ಏಳು ಸಾವಿರ ಉಳಿದಿತ್ತು. ಹಿಂದೆಂದೂ ಅವನ ಸಂಬಳದಲ್ಲಿ ಏಳು ನೂರೂ ಉಳಿದದ್ದಿಲ್ಲ.

ಹೆಂಡತಿ ಹೇಳಿದ್ದ ಆ ನಾಡಿದ್ದು ಬೆಳಗ್ಗೆ ಬಾಮೈದನ ಮನೆಯ ಮುಂದೆ ಒಂದು ಸರಕು ಗಾಡಿ ಬಂದು ನಿಂತಿತು. ಅದರಲ್ಲಿ ಹೊಲಿಗೆ ಯಂತ್ರ, ಮೂರು ಹಾಸಿಗೆ ಸುರುಳಿ, ಪಾತ್ರೆಯ ಚೀಲ, ಪುಸ್ತಕ ಹಿಡಿದ ಮಗಳು, ಫೈಲು ಹಿಡಿದ ಇಂಡೆಂಟಪ್ಪ. ಮನೆಯ ಮುಂದೆ ಕೆಂಪು ಬಣ್ಣದ ಭಾರೀ ಬೈಕೊಂದು ಥಳಥಳಿಸುತ್ತಿತ್ತು. ಸ್ಟುಡಿಯೋದ ಬೋರ್ಡು ಮಾತ್ರ ಎಲ್ಲೂ ಕಾಣಲಿಲ್ಲ. ಬಾಗಿಲು ತೆರೆದವಳು ಬಾಮೈದನ ಹೆಂಡತಿ.

“ಏನತ್ತಿಗೆ ಇದು? ಏನಾಯ್ತು?”

“ಮುಳುಗಿಹೋದ್ವಿ ಕಣಮ್ಮ,” ಎಂದಳು ಇಂಡೆಂಟಪ್ಪನ ಹೆಂಡತಿ ಬೀದಿಗೆಲ್ಲ ಕೇಳುವಂತೆ. “ಮನೆ ಬಾಡಿಗೆಗೆ ಕೊಟ್ಟು ಸಾಲ ತೀರಿಸೋ ತನಕ ಇಲ್ಲೇ ಇರ್ತೀವಿ. ಅಕ್ಕನಿಗೆ ತಮ್ಮನ ಮನೆ ಬಿಟ್ರೆ ಇನ್ಯಾರಿದಾರೆ? ಜಾಸ್ತಿ ಅಲ್ಲ, ಮೂರೇ ವರ್ಷ. ಯಂತ್ರ ನಿಮ್ಮ ಮಲಗೋ ಕೋಣೇಲಿ ಇಡೋಣ, ಬೆಳಕು ಚೆನ್ನಾಗಿದೆ.”

ತಮ್ಮ ಒಳಗಿಂದ ಓಡಿಬಂದ. ಅಕ್ಕನನ್ನು ನೋಡಿ ಮುಖ ಹುಳ್ಳಗಾಯಿತು, ಭಾವನಿಗೆ ಕಣ್ಸನ್ನೆ ಮಾಡಿದ. ಇಂಡೆಂಟಪ್ಪ ಅಭ್ಯಾಸದಂತೆ ನೆಲ ಕೆರೆಯುತ್ತ, “ಸ್ವಲ್ಪ ದುಡ್ಡಿನ ವಿಷಯ…” ಎಂದ.

“ಮೂರು ಲಕ್ಷ ಇದ್ರೆ ಕೊಡೋ” ಎಂದಳು ಅಕ್ಕ. “ಕೊಟ್ರೆ ಈಗಲೇ ವಾಪಸ್ ಹೋಗ್ತೀವಿ.”

“ಇಷ್ಟೊಂದು ಸಾಲ ಯಾಕೆ ಮಾಡಿದ್ರಿ ಅತ್ತಿಗೆ?” ಎಂದಳು ತಮ್ಮನ ಹೆಂಡತಿ, ಹಾಸಿಗೆ ಸುರುಳಿಗಳನ್ನು ಎಣಿಸುತ್ತ.

“ಅದರಲ್ಲಿ ತೊಂಬತ್ತು ಸಾವಿರ ನಿನ್ನ ಗಂಡನಿಗೇ ಕೊಟ್ಟಿದ್ದು. ಸ್ಟುಡಿಯೋಗೆ.”

“ಯಾವ ಸ್ಟುಡಿಯೋ?” ಅವಳು ಗಂಡನ ಕಡೆ ತಿರುಗಿದಳು. ಆಮೇಲೆ ಬೈಕಿನ ಕಡೆ ತಿರುಗಿದಳು. “ರೀ, ಈ ಬೈಕು ಕಂಪನಿಯವರ ಲಾಟರೀಲಿ ಬಹುಮಾನ ಬಂತು ಅಂದಿದ್ರಿ. ಕ್ಯಾಮೆರಾ ಅದರ ಜೊತೆ ಉಚಿತ ಅಂದಿದ್ರಿ.”

ಬಾಮೈದ ಮೆಲ್ಲನೆ ಒಳಗೆ ಜಾರಿದ. ಅವಳು ಬೆನ್ನ ಹಿಂದೆಯೇ ಹೋದಳು.

ಮುಂದಿನ ಅರ್ಧ ಗಂಟೆ ಒಳಗಿನಿಂದ ಕೇಳಿಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಹೊರಗೆ ಇಂಡೆಂಟಪ್ಪನ ಹೃದಯ ಕರಗತೊಡಗಿತ್ತು. “ಪಾಪ ಕಣೆ, ಆಸೆಪಟ್ಟು ತಗೊಂಡಿದಾನೆ. ಬೈಕ್ ಇಟ್ಕೊಳ್ಳಲಿ ಬಿಡು” ಎಂದ. ಹೆಂಡತಿ ಅವನ ತೋಳಿಗೆ ಎಂಥ ಚಿವುಟು ಚಿವುಟಿದಳೆಂದರೆ ಅವನ ಕಣ್ಣಲ್ಲಿ ನೀರು ಬಂತು. ಕಿಟಕಿಯಿಂದ ಅದನ್ನು ಕಂಡ ಬಾಮೈದನ ಹೆಂಡತಿ, ಇಷ್ಟು ವಯಸ್ಸಾದ ಗಂಡಸು ಅಳುವ ಹಾಗಾಯಿತಲ್ಲ ಎಂದು ಗಂಡನಿಗೆ ಮತ್ತೆ ಮೊದಲಿಂದ ಶುರು ಮಾಡಿದಳು.

ಬೈಕು ಎಪ್ಪತ್ತಕ್ಕೂ ಕ್ಯಾಮೆರಾ ಇಪ್ಪತ್ತಕ್ಕೂ ಎರಡೇ ದಿನದಲ್ಲಿ ಹೋದವು. ತೊಂಬತ್ತು ಸಾವಿರವನ್ನು ಬಾಮೈದನ ಹೆಂಡತಿಯೇ ತಂದು ಅತ್ತಿಗೆಯ ಕೈಗಿಟ್ಟು, “ಹಾಸಿಗೆ ಬಿಚ್ಚಿಲ್ಲ ತಾನೇ?” ಎಂದು ಕೇಳಿದಳು. ಸೋಫಾ ಹದಿನಾರು ಸಾವಿರಕ್ಕೆ ಹೋಗಿ ಮುರುಕು ಬೆಂಚು ಮರಳಿ ಪಟ್ಟಕ್ಕೆ ಬಂತು. ಹೆಂಡತಿ ಎರಡು ಶಾಲೆಯ ಸಮವಸ್ತ್ರ ಒಪ್ಪಿಕೊಂಡು ಹತ್ತು ಸಾವಿರ ಮುಂಗಡ ತಂದಳು. ಮೂರು ವಾರ ಬಟನ್ನು ಹೊಲಿದದ್ದು ಮಗಳು. ಕಾಜ ಕತ್ತರಿಸಿದ್ದು ಇಂಡೆಂಟಪ್ಪ. ನಲವತ್ತು ಅಂಗಿ ಹಾಳು ಮಾಡಿಯಾನೆಂದು ಹೆಂಡತಿ ಹೆದರಿದ್ದಳು, ಎರಡೇ ಹಾಳು ಮಾಡಿದ.

ಮೂವತ್ತನೇ ತಾರೀಕು ಮಧ್ಯಾಹ್ನ ಮೂವರೂ ಬ್ಯಾಂಕಿಗೆ ಹೋದರು. ಇಂಡೆಂಟಪ್ಪ ಒಂದು ಲಕ್ಷದ ತೊಂಬತ್ತಾರು ಸಾವಿರವನ್ನು ಮ್ಯಾನೇಜರ್ ಮೇಡಂ ಮುಂದೆ ಇಟ್ಟ. ಎಣಿಸುವ ಯಂತ್ರ ಗರ್ ಎಂದು ಎಣಿಸಿತು. ಅವನು ನಂಬದೆ ತಾನೂ ಒಮ್ಮೆ ಕೈಯಲ್ಲಿ ಎಣಿಸಿದ. ಮೇಡಂ ಖಾತೆ ಮುಚ್ಚಿದ ಕಾಗದ ಕೊಟ್ಟು, “ಈ ಅವಧೀಲಿ ಹೀಗೆ ಪೂರ್ತಿ ತೀರಿಸಿದೋರು ಕಡಿಮೆ. ಕೂತ್ಕೊಳ್ಳಿ, ಟೀ ತರಿಸ್ತೀನಿ” ಎಂದರು.

“ಟೀ ಬೇಡ!” ಎಂದಳು ಹೆಂಡತಿ ಎಷ್ಟು ಜೋರಾಗಿ ಎಂದರೆ ಕೌಂಟರಿನವರು ತಿರುಗಿ ನೋಡಿದರು. “ಠೇವಣಿ ದುಡ್ಡನ್ನ ಉಳಿತಾಯದ ಖಾತೆಗೆ ಹಾಕಿ, ಆ ಖಾತೇನ ಇಬ್ಬರ ಹೆಸರಿಗೆ ಮಾಡಿಕೊಡಿ ಸಾಕು. ಇಬ್ಬರ ಸಹಿ ಇಲ್ಲದೆ ಒಂದು ಕಾಸೂ ಹೊರಗೆ ಬರಬಾರದು.”

ಬಾಗಿಲು ದಾಟಿದ ಮೇಲೆ ಇಂಡೆಂಟಪ್ಪನ ಎದೆ ಮತ್ತೆ ಸೆಟೆಯಿತು. “ಈಗಲೇ ಹೋಗಿ ಇಸ್ತ್ರಿಯವನಿಗೆ, ಮೇಷ್ಟ್ರಿಗೆ ಹೇಳ್ತೀನಿ. ನಮಗೆ ಒಂದು ಕಾಸೂ ಸಾಲ ಇಲ್ಲ ಅಂತ.”

“ತುಟಿ ಬಿಚ್ಚಿದ್ರೆ ನೋಡಿ,” ಎಂದಳು ಹೆಂಡತಿ. “ಮೂರು ವಾರದಿಂದ ನಮ್ಮ ಬಾಗಿಲು ತಟ್ಟಿ ಯಾರಾದ್ರೂ ಕೈಗಡ ಕೇಳಿದ್ರಾ? ಈ ಕೆಟ್ಟ ಹೆಸರು ವರ್ಷಕ್ಕೆ ನಲವತ್ತು ಸಾವಿರ ಉಳಿಸತ್ತೆ. ಬೀದಿ ನಮ್ಮನ್ನ ಪಾಪ ಅಂತಲೇ ಅಂದ್ಕೊಂಡಿರಲಿ.”

ಐದನೆಯ ತಾರೀಕಿನವರೆಗೂ ಕಾಯಲಿಲ್ಲ. ಎರಡನೆಯ ತಾರೀಕೇ ಕಾಲೇಜಿಗೆ ಹೋಗಿ, ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದ ಎರಡು ಲಕ್ಷದ ನಲವತ್ತು ಸಾವಿರದ ಚೆಕ್ಕನ್ನು ಕಿಟಕಿಯೊಳಗೆ ತಳ್ಳಿದರು. ಗುಮಾಸ್ತ ರಸೀದಿ ಹರಿದುಕೊಟ್ಟ. ಮಗಳು ಅದನ್ನು ಓದಿದಳು, ಅಮ್ಮನಿಗೆ ಕೊಟ್ಟಳು. ಅಮ್ಮ ಓದಿ ಮಗಳ ಕೆನ್ನೆ ಸವರಿದಳು, ಕಣ್ಣು ಒದ್ದೆಯಾಯಿತು. ಆಮೇಲೆ ರಸೀದಿ ಇಂಡೆಂಟಪ್ಪನ ಕೈಗೆ ಬಂತು. ಅವನು ಈ ಸಲ ಪ್ರತಿ ಅಕ್ಷರ ಓದಿದ, ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದಿದ. ಅವರ ಹಿಂದೆ ನಿಂತವರು ಗೊಣಗತೊಡಗಿದ ಮೇಲೆ ಮಗಳು ಅವನನ್ನು ಎಳೆದುಕೊಂಡು ಹೋಗಬೇಕಾಯಿತು.

ಮನೆಗೆ ಮರಳುವ ಬಸ್ಸಿನಲ್ಲಿ ಹೆಂಡತಿಗೂ ಮಗಳಿಗೂ ಮುಂದೆ ಜಾಗ ಸಿಕ್ಕಿತು. ಇಂಡೆಂಟಪ್ಪ ಹಿಂದೆ ಒಬ್ಬ ಅಪರಿಚಿತನ ಪಕ್ಕ ಕೂತ. ಅವನ ಹೊಟ್ಟೆಯಲ್ಲಿ ಮಾತು ಕುದಿಯುತ್ತಿತ್ತು. ಬೀದಿಯವರಿಗೆ ಹೇಳಬಾರದು, ಸರಿ. ಇವನು ಬೀದಿಯವನಲ್ಲವಲ್ಲ! ಎರಡು ನಿಲ್ದಾಣ ತಡೆದುಕೊಂಡ. ಮೂರನೆಯದರಲ್ಲಿ ಕಟ್ಟೆ ಒಡೆಯಿತು.

“ಅಲ್ಲಿ ಮುಂದೆ ಕೂತಿದಾಳಲ್ಲ, ನನ್ನ ಮಗಳು. ನರ್ಸಿಂಗ್ ಸೇರಿದ್ಲು. ಪೂರ್ತಿ ಫೀಸು ಇವತ್ತೇ ಕಟ್ಟಿದ್ವಿ. ಅವರಮ್ಮ ಹೊಲಿದು ಕೂಡಿಸಿದ ದುಡ್ಡು. ಒಂದು ಕಾಸೂ ಸಾಲ ಇಲ್ಲ!”

ಅಪರಿಚಿತ ಸಂತೋಷದಿಂದ ಅವನ ಕೈ ಕುಲುಕಿದ. ತುಂಬಾ ಹೊತ್ತು ಕುಲುಕಿದ. ಆಮೇಲೆ ಕೈ ಬಿಡದೆ ಹತ್ತಿರ ಜರುಗಿ, “ನಿಮ್ಮಂಥ ದೊಡ್ಡ ಮನಸ್ಸಿನೋರು ಸಿಕ್ಕಿದ್ದು ನನ್ನ ಪುಣ್ಯ ಸಾರ್. ಒಂದು ಐದು ಸಾವಿರ ಇದ್ರೆ… ಬರೋ ವಾರ ಖಂಡಿತ…” ಎಂದ.

ಇಂಡೆಂಟಪ್ಪನ ಕೈ ತನ್ನಷ್ಟಕ್ಕೆ ಜೇಬಿನ ಕಡೆ ಹೋಯಿತು. ಜೇಬಿನಲ್ಲಿ ರಸೀದಿ ತಾಗಿತು. ಅವನು ಮುಂದೆ ನೋಡಿದ. ಹೆಂಡತಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಎಷ್ಟೋ ವರ್ಷದ ಮೇಲೆ ಅವಳು ಹಗಲು ಹೊತ್ತಿನಲ್ಲಿ ನಿದ್ದೆ ಮಾಡಿದ್ದು.

“ಇಲ್ಲ!” ಎಂದ ಇಂಡೆಂಟಪ್ಪ.

ಅವನ ಗಂಟಲಿಗೆ ಅಳತೆ ಗೊತ್ತಿರಲಿಲ್ಲ. ಡ್ರೈವರ್ ಬೆಚ್ಚಿ ಬ್ರೇಕು ಹಾಕಿದ. ಕಂಡಕ್ಟರ್ ಸೀಟಿ ಊದಿದ. ಬಸ್ಸಿಗೆ ಬಸ್ಸೇ ಹಿಂದೆ ತಿರುಗಿತು. ಹೆಂಡತಿ ಎಚ್ಚೆತ್ತು ನೋಡಿದಾಗ ಗಂಡ ಎದ್ದು ನಿಂತಿದ್ದ, ಪಕ್ಕದವನು ಅವನ ಕೈ ಬಿಟ್ಟು ಮೂಲೆಗೆ ಒತ್ತಿಕೊಂಡಿದ್ದ. ಏನು ನಡೆಯಿತೆಂದು ಅವಳಿಗೆ ಕ್ಷಣದಲ್ಲಿ ಅರ್ಥವಾಯಿತು. ಅವಳ ಮುಖ ಅರಳಿತು.

“ಇನ್ನೊಂದ್ಸಲ ಹೇಳ್ರೀ!” ಎಂದು ಅಲ್ಲಿಂದಲೇ ಕೂಗಿದಳು.

ಅವನು ಹೇಳಿದ.